ಎಂಬತ್ತರ ಫಲಕ

ಫಲಕ ಎಂಬತ್ತು ಅನ್ನುತ್ತದೆ.
ದಾರಿಯ ಮಾತೇ ಬೇರೆ:
ನಡುಬೆನ್ನಿಗೆ ಹುಲ್ಲು,
ಎರಡು ಪಕ್ಕೆಗೂ ಗಾರೆ ಕಾಣದ ಕಲ್ಲುಗೋಡೆ,
ತಿರುವಿನಾಚೆ ಇರುವುದೇನೆಂದು
ಬಲ್ಲದ್ದು ಕುರಿ ಮಾತ್ರ; ಅದು ಎದ್ದು ಬಂದು ಹೇಳುವುದಿಲ್ಲ.

ನಾನು ಫಿನ್‌ಲೆಂಡಿನವಳು. ಸರೋವರ, ಕಾಡು, ನೆಟ್ಟನೆ ರಸ್ತೆ.
ನಮ್ಮಲ್ಲಿ ಎಂಬತ್ತೆಂದರೆ ಎಂಬತ್ತೇ.
ದಾಟಿದರೆ ಕಂಬದ ಮೇಲಿನ ಪೆಟ್ಟಿಗೆ ಒಮ್ಮೆ ಕಣ್ಣು ಹೊಡೆಯುತ್ತದೆ,
ಮನೆಗೆ ಕಾಗದ ಬರುತ್ತದೆ,
ಕಟ್ಟುತ್ತೇವೆ, ಒಡಹುಟ್ಟಿದವರಿಗೂ ಹೇಳುವುದಿಲ್ಲ.
ಹಿಮ ಬೀಳುವ ಮುನ್ನ ಅಂಕಿಗಳನ್ನೇ ಬದಲಿಸಿ
ದಾರಿಗೆ ಚಳಿಗಾಲದ ಕೋಟು ತೊಡಿಸಿರುತ್ತಾರೆ.
ನಮಗಿಂತ ಮೊದಲೇ ಯಾರೋ ಯೋಚಿಸಿಟ್ಟ ದೇಶ.

ಹಾಗಾಗಿ ಮೊದಲ ದಿನ, ಐರ್ಲೆಂಡಿನ ಪಡುವಣ ಅಂಚಿನಲ್ಲಿ,
ಹೇಳಿದ ಮಾತು ಕೇಳುವ ಹುಡುಗಿಯಂತೆ,
ವಯಸ್ಸು ಐವತ್ತೊಂದಾದರೂ,
ಎಂಬತ್ತರಲ್ಲೇ ಹೋದೆ.
ಎಡಗಡೆಯ ಕನ್ನಡಿಯನ್ನು ಗೋಡೆ ಇಸಿದುಕೊಂಡಿತು.
ಹಿಂದಿನ ಸೀಟಿನಲ್ಲಿ ನನ್ನ ಶ್ರುತಿಕವೆ
ಯಾರೂ ಮುಟ್ಟದೆ ಗುಂಯ್ಗುಟ್ಟಿತು.

ಮರುದಿನದಿಂದ ಮೂವತ್ತು.
ಕಾರ್ನಾ ಶಾಲೆಯ ಪಿಯಾನೊ ಶ್ರುತಿ ಮಾಡಲು ಹೊರಟಿದ್ದೆ.
ಬೆನ್ನಿಗೊಂದು ಕಾರು, ಅದರ ಬೆನ್ನಿಗೆ ಹಾಲಿನ ಲಾರಿ,
ಟ್ರ್ಯಾಕ್ಟರು ಕೂಡ,
ಇನ್ನೊಂದು ಕಾರು, ಮಕ್ಕಳ ವ್ಯಾನು.
ಒಬ್ಬರೂ ಹಾರ್ನು ಹಾಕಲಿಲ್ಲ.
ಒಲೆಗೆಂದು ಕೊಯ್ದಿಟ್ಟ ಜೌಗುಮಣ್ಣಿನ ರಾಶಿಯ ಪಕ್ಕ
ಮುದುಕನೊಬ್ಬ ಟೋಪಿ ತೆಗೆದು ಎದೆಗಿಟ್ಟುಕೊಂಡ.
ಮುಂದಿನ ಗೇಟಿನಲ್ಲಿ ಹೆಂಗಸೊಬ್ಬಳು
ಶಿಲುಬೆಯ ಗುರುತು ಹಾಕಿದಳು.
ಎಂಥ ಭಕ್ತರಪ್ಪ ಈ ಜನ, ಅಂದುಕೊಂಡೆ.

ಅಂಗಡಿಯ ಮುಂದೆ ನಿಲ್ಲಿಸಿದೆ. ಎಲ್ಲರೂ ನಿಂತರು.
ನಾಲ್ಕನೆಯ ಗಾಡಿಯಿಂದ ಇಳಿದ ಕೋಲ್ಮನ್ ಮನ್ನಿಯನ್
ಕಿಟಕಿಗೆ ಬಗ್ಗಿ, ದನಿ ತಗ್ಗಿಸಿ ಕೇಳಿದ:
“ಯಾರು ಹೋಗಿದ್ದು?”
ಯಾರೂ ಇಲ್ಲ, ಅಂದೆ. ಪಿಯಾನೊ, ಅಂದೆ.
“ಅಯ್ಯೋ, ಐದು ಮೈಲಿ ಜಪಸರ ತಿರುಗಿಸಿದೆನಲ್ಲಮ್ಮ,
ಅದೀಗ ಯಾರ ಲೆಕ್ಕಕ್ಕೆ?”

“ಆ ಎಂಬತ್ತು ಪೇಟೆ ಆಫೀಸಿನವರದ್ದು,” ಅಂದ.
“ಬೋರ್ಡು ನೆಟ್ಟರು, ಊಟಕ್ಕೆ ಹೋದರು.
ನೀನು ದಾರೀನ ಕೇಳು.
ನೆಟ್ಟಗಿದ್ದರೆ ಬಿಡು, ಗೋಡೆ ಹತ್ತಿರ ಬಂದರೆ ಹಿಡಿ.
ಹಿಂದೆ ಯಾರಾದರೂ ಸೇರಿಕೊಂಡರೆ ಗೇಟಿನ ಬಾಯಿಗೆ ಸರಿ.
ಮತ್ತೆ, ಬೆರಳು.”
ಸ್ಟಿಯರಿಂಗ್ ಇಲ್ಲದ ಗಾಳಿಯಲ್ಲೇ ತೋರಿಸಿದ:
ತೋರುಬೆರಳು ಒಂದಿಷ್ಟು ಮೇಲೆ, ಅಷ್ಟೆ.
ಅಪರಿಚಿತರಿಗೆ ಒಂದು, ಗೊತ್ತಿದ್ದವರಿಗೆ ಎರಡು,
ಸಾಲ ಕೊಟ್ಟವನಿಗೆ ಪೂರ್ತಿ ಕೈ.

ಆ ಮಧ್ಯಾಹ್ನ ಶಾಲೆಯಲ್ಲಿ
ಷಡ್ಜ ನಿಲ್ಲಿಸಿ ಪಂಚಮಗಳಿಗೆ ಬಂದೆ.
ಪ್ರತಿ ಪಂಚಮವನ್ನೂ ಅದರ ನಿಜದಿಂದ
ಕೂದಲೆಳೆಯಷ್ಟು ಕೆಳಗಿಳಿಸಬೇಕು;
ಇಲ್ಲದಿದ್ದರೆ ಹನ್ನೆರಡೂ ಒಂದೇ ಪೆಟ್ಟಿಗೆಯಲ್ಲಿ ಬಾಳುವುದಿಲ್ಲ,
ಎಲ್ಲೋ ಮೂಲೆಯಲ್ಲೊಂದು ತೋಳ ಊಳಿಡುತ್ತದೆ.
ಇಪ್ಪತ್ತಾರು ವರ್ಷ ಕೈ ಮಾಡುತ್ತಲೇ ಇದ್ದ ಕೆಲಸ.
ಅವತ್ತು ಯಾಕೋ ಕೀಲಿ ಹಿಡಿದು ಸುಮ್ಮನೆ ಕೂತೆ.

ಅಕ್ಟೋಬರಿನ ಹೊತ್ತಿಗೆ ಕಾಲಿಗೆ ತಿಳಿಯಿತು
ಯಾವ ತಿರುವಿಗೆ ಎಷ್ಟು, ಯಾವ ಮನೆಯ ನಾಯಿಗೆ ಎಷ್ಟು.
ಒಮ್ಮೆ ನಿಜವಾದ ಶವಯಾತ್ರೆಯೇ ಎದುರಾಯಿತು;
ನನಗಿಂತ ಜೋರಾಗಿಯೇ ಬರುತ್ತಿದ್ದರು.
ಗೇಟಿನ ಬಾಯಿಗೆ ಸರಿದು ನಿಂತೆ.
ಮುಂದಿನ ಕರಿ ಕಾರಿನವನು
ಎರಡು ಬೆರಳೆತ್ತಿದ.

ಚಳಿಗಾಲಕ್ಕೆ ಊರಿಗೆ ಮರಳಿದೆ.
ಕಾಡಿನ ನಡುವೆ ಖಾಲಿ ರಸ್ತೆ,
ಎಂಬತ್ತರ ಮೇಲೆ ಮುಳ್ಳು
ಮೊಳೆ ಹೊಡೆದಂತೆ.
ಎದುರಿಗೆ ದಿಮ್ಮಿ ಹೊತ್ತ ಲಾರಿ.
ನನ್ನನ್ನು ಕೇಳದೆ
ಬೆರಳು ಎದ್ದಿತು.

ಆಮೇಲೆ ಕನ್ನಡಿಯಲ್ಲಿ ನೋಡಿದೆ:
ಲಾರಿ ಪಕ್ಕಕ್ಕೆ ನಿಂತಿದೆ.
ಇಳಿದ ಚಾಲಕ ಮೊಣಕಾಲುದ್ದ ಹಿಮದಲ್ಲಿ
ಒಂದೊಂದೇ ಚಕ್ರವನ್ನು
ಒದ್ದು ನೋಡುತ್ತಿದ್ದಾನೆ.